ಒಂದೇ ಬೋರ್ ನೀರಿಗೆ ಎಷ್ಟು ಕ್ಯೂ? ನಮ್ಮ ಮನೆ ಗೀಸರ್‌ನ ಪ್ರಕರಣ

ಹೋದ ಮಾರ್ಚ್‌ನಲ್ಲಿ ನಮ್ಮ ಮನೆ ಗೀಸರ್ ಕೈಕೊಟ್ಟಿತು. ತಂದು ಎಂಟೇ ತಿಂಗಳಾಗಿತ್ತು. ಮೊದಲು ನೀರು ಬಿಸಿಯಾಗಲು ಹತ್ತು ನಿಮಿಷ ಸಾಕಿತ್ತು. ಆಮೇಲೆ ಇಪ್ಪತ್ತಾಯಿತು, ಅರ್ಧ ಗಂಟೆಯಾಯಿತು. ಒಂದು ಬೆಳಿಗ್ಗೆ ಒಳಗಿಂದ ಕಟಕಟ ಅಂತ ಸದ್ದು ಬಂದು ಎಂಸಿಬಿ ಬಿತ್ತು. ಪ್ಲಂಬರ್ ಬಂದು ಕೆಳಗಿನ ಪ್ಲೇಟ್ ಬಿಚ್ಚಿ ಕಾಯಿಲ್ ಹೊರಗೆಳೆದ. ಅದು ಕಾಯಿಲ್ ಥರ ಇರಲೇ ಇಲ್ಲ. ಬಿಳಿ ಗಾರೆ ಮೆತ್ತಿದ ಜೋಳದ ದಿಂಡಿನ ಹಾಗಿತ್ತು.

‘ಗೀಸರ್‌ದೇನೂ ತಪ್ಪಿಲ್ಲ ಸಾರ್, ನಿಮ್ಮ ನೀರು ಜಾಸ್ತಿ ಗಡಸು’ ಅಂದು ಸ್ಪ್ಯಾನರ್‌ನಿಂದ ತಟ್ಟಿದ. ಮೊಟ್ಟೆಯ ಚಿಪ್ಪು ಬಿಚ್ಚಿದ ಹಾಗೆ ಹಕ್ಕಳೆಹಕ್ಕಳೆಯಾಗಿ ಉದುರಿತು. ಒಳಮುಖ ಬೂದುಬಣ್ಣ, ಹೊರಮುಖ ಬಿಳಿ, ಮುರಿದಲ್ಲಿ ಮರದ ಸುತ್ತಿನಂಥ ಗೆರೆಗಳು. ಎಲ್ಲವನ್ನೂ ತಟ್ಟೆಗೆ ಬಳಿದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. 410 ಗ್ರಾಂ. ಒಂದು ಚೂರಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಬುಸಬುಸ ನೊರೆ ಬಂತು. ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟೇ. ಮನೆಯಲ್ಲಿ ಎಲ್ಲರೂ ಇದನ್ನು ‘ಸುಣ್ಣ ಕಟ್ಟಿದೆ’ ಅಂತಾರೆ. ಎಲೆಅಡಿಕೆಗೆ ಹಚ್ಚುವ ಸುಣ್ಣ ಬೇರೆ, ಇದು ಬೇರೆ. ಇದು ಸುಣ್ಣದ ಕಲ್ಲು. ಆದರೂ ಮಾತಿಗೆ ಸುಣ್ಣ ಅಂತಲೇ ಇಟ್ಟುಕೊಳ್ಳೋಣ.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವನು. ಅದೇ ವಾರ ಅಕ್ಕನ ಮಗಳು ಪ್ರಥಮ ಪಿಯುಸಿ ಪರೀಕ್ಷೆ ಮುಗಿಸಿ ರಜಕ್ಕೆ ಬಂದಿದ್ದಳು. ಸಮತೋಲನದ ಪಾಠದಲ್ಲಿ ಕ್ಯೂ ಲೆಕ್ಕ ತಪ್ಪಿ ನಾಲ್ಕು ಅಂಕ ಹೋಗಿತ್ತು, ಅದರ ಸಿಟ್ಟು ಇನ್ನೂ ಇತ್ತು. ಈ ಕ್ಯೂ (Q) ಸರತಿ ಸಾಲಲ್ಲ. ಕ್ರಿಯೆಯ ಬಲಗಡೆಯ ವಸ್ತುಗಳ ಸಾಂದ್ರತೆಗಳನ್ನು ಗುಣಿಸಿ ಎಡಗಡೆಯವುಗಳದ್ದರಿಂದ ಭಾಗಿಸಿದರೆ ಬರುವ ಸಂಖ್ಯೆ. ಅದನ್ನು ಹೋಲಿಸಿ ನೋಡುವುದು ಕೆ (K) ಅನ್ನುವ ಸಮತೋಲನ ಸ್ಥಿರಾಂಕದ ಜೊತೆ. ‘ಕ್ಯೂನೂ ಕೆನೂ ಒಂದೇ ಸೂತ್ರ ಅಂತೀರಾ. ಮತ್ತೆ ಎರಡು ಹೆಸರು ಯಾಕೆ ಮಾಮ?’ ಅಂತ ಕೇಳಿದಳು. ಪುಸ್ತಕದ ಲೆಕ್ಕದಲ್ಲಿ ಹೈಡ್ರೋಜನ್, ಅಯೋಡಿನ್, ಅಳತೆ ಎಲ್ಲ ಯಾರೋ ಮೊದಲೇ ಕೊಟ್ಟಿರುತ್ತಾರೆ. ಅಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕುವುದು ಕಷ್ಟ. ನಾನು ತಟ್ಟೆಯಲ್ಲಿದ್ದ ಚೂರುಗಳನ್ನು ಅವಳ ಮುಂದಿಟ್ಟು ‘ಇದರ ಕ್ಯೂ ಹಾಕು ನೋಡೋಣ’ ಅಂದೆ.

ಕೈಯಲ್ಲಿದ್ದ ಮಾಹಿತಿ

ನಮ್ಮ ಮನೆ ತುಮಕೂರಿನ ಅಂಚಿನಲ್ಲಿದೆ. 450 ಅಡಿ ಬೋರ್. ನೀರು ಬೋರ್‌ನಿಂದ ನೇರ ಮೇಲಿನ ಟ್ಯಾಂಕ್‌ಗೆ, ಅಲ್ಲಿಂದ 15 ಲೀಟರ್ ಗೀಸರ್‌ಗೆ. ಗೀಸರ್ ತರುವ ಮುಂಚೆ ಒಂದು ಲ್ಯಾಬ್‌ಗೆ ನೀರು ಕೊಟ್ಟು ರಿಪೋರ್ಟ್ ತೆಗೆಸಿದ್ದೆ. ಅದರಲ್ಲಿ ನಮಗೆ ಬೇಕಾಗಿದ್ದು ಇಷ್ಟು: ಪಿಎಚ್ (ನೀರಿನ ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 8.1. ಒಟ್ಟು ಗಡಸುತನ (ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ) 420, ಅದರಲ್ಲಿ ಕ್ಯಾಲ್ಸಿಯಂನ ಪಾಲು 250. ಆಲ್ಕಲಿನಿಟಿ (ಹುಳಿಯನ್ನು ತಡೆದುಕೊಳ್ಳುವ ಶಕ್ತಿ) 350. ಕರಗಿದ ಲವಣ ಒಟ್ಟು 640. ಪಿಎಚ್ ಬಿಟ್ಟು ಉಳಿದದ್ದೆಲ್ಲ ಲೀಟರಿಗೆ ಮಿಲಿಗ್ರಾಂ. ಗಡಸುತನ, ಆಲ್ಕಲಿನಿಟಿಗಳ ಎದುರು ಸಣ್ಣ ಅಕ್ಷರದಲ್ಲಿ ‘ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ’ ಅಂತ ಇತ್ತು. ಈ ಸಣ್ಣ ಅಕ್ಷರವೇ ಮುಂದೆ ಸಾಕಷ್ಟು ಆಟ ಆಡಿಸಿತು.

ಅಂದಹಾಗೆ ಇದು ಕೆಟ್ಟ ನೀರೇನಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಗಡಸುತನ 200ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರ ತನಕ ನಡೆಯುತ್ತದೆ. ಹೊಟ್ಟೆಗೆ ನಡೆಯುವ ನೀರು ಗೀಸರ್‌ಗೆ ನಡೆಯಲಿಲ್ಲ, ಅಷ್ಟೆ.

ಮೊದಲು ಕ್ರಿಯೆ ಬರೆದುಕೊಂಡೆವು. ಕ್ಯೂ ಅನ್ನುವುದು ನೀರಿಗೆ ಅಂಟಿದ ಸಂಖ್ಯೆಯಲ್ಲ, ಬರೆದ ಕ್ರಿಯೆಗೆ ಅಂಟಿದ್ದು. ಕ್ರಿಯೆಯನ್ನು ತಿರುಗಿಸಿ ಬರೆದರೆ ಕ್ಯೂ ಕೂಡ ತಲೆಕೆಳಗಾಗುತ್ತದೆ. ಕೆ ಯಾವ ಕ್ರಿಯೆಯದೋ ಕ್ಯೂ ಕೂಡ ಅದೇ ಕ್ರಿಯೆಯದಾಗಿರಬೇಕು. ನಾವು ಬರೆದದ್ದು ಇದು:

ಕ್ಯಾಲ್ಸಿಯಂ ಕಾರ್ಬೋನೇಟ್ (ಘನ) + ಹೈಡ್ರೋಜನ್ ಅಯಾನು ⇌ ಕ್ಯಾಲ್ಸಿಯಂ ಅಯಾನು + ಬೈಕಾರ್ಬೋನೇಟ್ ಅಯಾನು

ಎಡದಿಂದ ಬಲಕ್ಕೆ ಹೋದರೆ ಸುಣ್ಣ ಕರಗುತ್ತದೆ. ಬಲದಿಂದ ಎಡಕ್ಕೆ ಬಂದರೆ ಕಾಯಿಲ್‌ಗೆ ಮೆತ್ತುತ್ತದೆ. ಕಾರ್ಬೋನೇಟ್ ಅಯಾನನ್ನೇ ಹಿಡಿದು ಬರೆಯಬಹುದಿತ್ತು. ಆದರೆ ಪಿಎಚ್ 7, 8ರ ನೀರಿನಲ್ಲಿ ಅದು ಇರುವುದು ಚಿಟಿಕೆಯಷ್ಟು. ಯಾವ ಲ್ಯಾಬೂ ಅದನ್ನು ನೇರವಾಗಿ ಅಳೆದು ಕೊಡುವುದಿಲ್ಲ. ಬೈಕಾರ್ಬೋನೇಟ್ ಮಾತ್ರ ಧಾರಾಳ ಇದೆ. ಈ ಪಿಎಚ್‌ನಲ್ಲಿ ಆಲ್ಕಲಿನಿಟಿ ಅಂದರೆ ಹೆಚ್ಚುಕಡಿಮೆ ಬೈಕಾರ್ಬೋನೇಟೇ.

25 ಡಿಗ್ರಿಯಲ್ಲಿ ಈ ಕ್ರಿಯೆಯ ಕೆ ಸುಮಾರು 71. ಇದು ಎರಡು ಪರಿಚಿತ ಸ್ಥಿರಾಂಕಗಳ ಭಾಗಾಕಾರ. ಕ್ಯಾಲ್ಸಿಯಂ ಕಾರ್ಬೋನೇಟಿನ ಕರಗುವ ಗುಣಲಬ್ಧ 3.31 × 10⁻⁹, ಬೈಕಾರ್ಬೋನೇಟು ಹೈಡ್ರೋಜನ್ ಬಿಟ್ಟುಕೊಡುವ ಸ್ಥಿರಾಂಕ 4.69 × 10⁻¹¹. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮುಗಿಯಿತು.

ಹತ್ತು ಲಕ್ಷ

ಅವಳು ಅರ್ಧ ಗಂಟೆ ಕೂತು ಲೆಕ್ಕ ತಂದಳು. ‘ಮಾಮ, ಕ್ಯೂ ಹತ್ತು ಲಕ್ಷ ಚಿಲ್ಲರೆ ಬಂತು. ಹಂಗಾದ್ರೆ ನಲ್ಲಿ ತಿರುಗಿಸಿದ್ರೆ ನೀರಲ್ಲ, ಸುಣ್ಣನೇ ಬರ್ಬೇಕಿತ್ತಲ್ವಾ?’

ಉತ್ತರ ತಪ್ಪು. ಆದರೆ ಆ ಅನುಮಾನ ನನಗೆ ತುಂಬ ಇಷ್ಟವಾಯಿತು. ತರಗತಿಯಲ್ಲಿ ಹತ್ತು ಲಕ್ಷ ಬಂದರೆ ಅದರ ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುವವರೇ ಜಾಸ್ತಿ.

ಹಾಳೆ ನೋಡಿದೆ. ಮೂರು ಕಡೆ ಎಡವಿದ್ದಳು. ಒಂದು, ‘ಗಡಸುತನ 420, ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ’ ಅಂತ ಇದ್ದದ್ದನ್ನು ನೋಡಿ ನೀರಿನಲ್ಲಿ ಅಷ್ಟು ಕ್ಯಾಲ್ಸಿಯಂ ಕಾರ್ಬೋನೇಟ್ ಇದೆ ಅಂದುಕೊಂಡಿದ್ದಳು. ಅದರ ಮೋಲ್ ತೂಕ 100ರಿಂದ ಭಾಗಿಸಿ 4.2 × 10⁻³ ಮೋಲ್ ಮಾಡಿ ಛೇದದಲ್ಲಿ ಕೂರಿಸಿದ್ದಳು. ತಪ್ಪು ಅವಳದ್ದು ಅರ್ಧ, ರಿಪೋರ್ಟ್ ಬರೆಯುವ ಪದ್ಧತಿಯದ್ದು ಅರ್ಧ. ‘ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ’ ಅಂದರೆ ಅದು ಬರೀ ಒಂದು ತೂಕದ ಕಲ್ಲು. ಊರಿನ ದವಸವನ್ನೆಲ್ಲ ರಾಗಿ ಬೆಲೆಯಲ್ಲಿ ಹೇಳಿದ ಹಾಗೆ. ಹಾಗೆ ಹೇಳಿದ ಮಾತ್ರಕ್ಕೆ ಚೀಲದಲ್ಲಿ ರಾಗಿ ಇರಬೇಕಂತಿಲ್ಲ. ಅದೂ ಅಲ್ಲದೆ ಘನ ವಸ್ತುವಿಗೆ ಕ್ಯೂನಲ್ಲಿ ಜಾಗವೇ ಇಲ್ಲ. ಕಾಯಿಲ್ ಮೇಲೆ 4 ಗ್ರಾಂ ಸುಣ್ಣ ಇದ್ದರೂ 410 ಗ್ರಾಂ ಇದ್ದರೂ ಒಂದು ತುಂಡು ಸುಣ್ಣದ ಕಲ್ಲಿನೊಳಗಿನ ಸಾಂದ್ರತೆ ಬದಲಾಗುವುದಿಲ್ಲ. ಬದಲಾಗದ್ದನ್ನು ಕೆ ಒಳಗೇ ಸೇರಿಸಿಬಿಟ್ಟಿರುತ್ತಾರೆ.

ಎರಡು, ಕ್ಯಾಲ್ಸಿಯಂ 250 ಅಂತ ತೆಗೆದುಕೊಂಡು ಅದರ ತೂಕ 40ರಿಂದ ಭಾಗಿಸಿದ್ದಳು. ಆ 250 ಕೂಡ ಕಾರ್ಬೋನೇಟ್ ಲೆಕ್ಕದ್ದೇ. 100ರಿಂದ ಭಾಗಿಸಬೇಕು. ಆಗ 2.5 × 10⁻³ ಮೋಲ್. ನಿಜವಾದ ಕ್ಯಾಲ್ಸಿಯಂ ಲೀಟರಿಗೆ 100 ಮಿ.ಗ್ರಾಂ.

ಮೂರು, ಆಲ್ಕಲಿನಿಟಿ 350ನ್ನು ಬೈಕಾರ್ಬೋನೇಟಿನ ತೂಕ 61ರಿಂದ ಭಾಗಿಸಿದ್ದಳು. ಇಲ್ಲಿ 50ರಿಂದ ಭಾಗಿಸಬೇಕು. ಒಂದು ಕಾರ್ಬೋನೇಟು ಎರಡು ಬೈಕಾರ್ಬೋನೇಟಿಗೆ ಸಮ, ಅದಕ್ಕೇ 100ರ ಅರ್ಧ. ಆಗ 7.0 × 10⁻³ ಮೋಲ್.

ಪಿಎಚ್ 8.1 ಅಂದರೆ ಹೈಡ್ರೋಜನ್ ಅಯಾನು 7.9 × 10⁻⁹. ಇದನ್ನು ಸರಿಯಾಗೇ ಹಾಕಿದ್ದಳು. ಸರಿಪಡಿಸಿದ ಲೆಕ್ಕ:

ಕ್ಯೂ = (2.5 × 10⁻³ × 7.0 × 10⁻³) ÷ 7.9 × 10⁻⁹ ≈ 2,200

ಹತ್ತು ಲಕ್ಷದಿಂದ 2,200ಕ್ಕೆ ಬಂದೆವು. ಕೆ 71, ಕ್ಯೂ ಅದರ 31 ಪಟ್ಟು. ಕ್ಯೂ ದೊಡ್ಡದಾದರೆ ಕ್ರಿಯೆ ಹಿಂದಕ್ಕೆ, ಅಂದರೆ ಸುಣ್ಣ ಮೆತ್ತುವ ಕಡೆಗೆ. ತಟ್ಟೆಯಲ್ಲಿ ಸಾಕ್ಷಿಯೂ ಇತ್ತು. ಅವಳು ಪೆನ್ನಿನ ಮುಚ್ಚಳ ಹಾಕಿದಳು. ನಾನೂ ಒಂದು ಕಪ್ ಕಾಫಿ ಕುಡಿದು ವಿಷಯ ಮುಗಿಯಿತು ಅಂದುಕೊಂಡೆ.

ಮೋಟಾರ್ ಯಾಕೆ ಚೊಕ್ಕವಾಗಿತ್ತು?

ಮುಗಿದಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದು ಹಳೇ ವಿಷಯ ನೆನಪಾಯಿತು. ಎರಡು ವರ್ಷದ ಹಿಂದೆ ಬೋರ್ ಮೋಟಾರ್ ಸುಟ್ಟು ಮೇಲೆತ್ತಿಸಿದ್ದೆವು. ಆರು ವರ್ಷ ಅದೇ ನೀರಿನಲ್ಲಿ ಮುಳುಗಿದ್ದ ಮೋಟಾರ್, ಪೈಪು. ತುಕ್ಕಿತ್ತು, ಕೆಂಪು ಕೆಸರಿತ್ತು. ಬಿಳಿ ಪದರ ಮಾತ್ರ ಇರಲಿಲ್ಲ ಅನ್ನುವಷ್ಟು ತೆಳು. ಬೋರ್ ನೀರಿನ ಕ್ಯೂ ನಿಜವಾಗಿಯೂ ಕೆಯ 31 ಪಟ್ಟು ಇದ್ದರೆ ಆರು ವರ್ಷದಲ್ಲಿ ಆ ಪೈಪು ಎಂಟೇ ತಿಂಗಳ ಕಾಯಿಲ್‌ಗಿಂತ ಇಷ್ಟು ಚೊಕ್ಕವಾಗಿ ಹೇಗೆ ಉಳಿಯಿತು?

ಮಾರನೇ ದಿನ ಕಾಲೇಜಿನಿಂದ ಪಿಎಚ್ ಮೀಟರ್ ತಂದೆ. ಪಿಎಚ್ ಮೊದಲೇ ಗೊತ್ತಿರುವ ಎರಡು ಬಫರ್ ದ್ರಾವಣದಲ್ಲಿ ಅದ್ದಿ ಸರಿಮಾಡಿ, ಮೋಟಾರ್ ಹಾಕಿ ಹತ್ತು ನಿಮಿಷ ನೀರು ಹರಿಯಲು ಬಿಟ್ಟೆ. ಆಮೇಲೆ ಪೈಪಿನ ಬಾಯಿಗೇ ಮಗ್ ಹಿಡಿದು ತುಂಬಿಸಿ ಎಲೆಕ್ಟ್ರೋಡ್ ಇಳಿಸಿದೆವು. 7.02. ನಂಬಿಕೆ ಬರಲಿಲ್ಲ. ಮತ್ತೆ ಬಫರ್, ಮತ್ತೆ ನೀರು. 7.0. ಲ್ಯಾಬ್ ರಿಪೋರ್ಟ್‌ನಲ್ಲಿ 8.1.

ಲ್ಯಾಬ್‌ನವರು ಸುಳ್ಳು ಬರೆದಿರಲಿಲ್ಲ. ತಪ್ಪು ನನ್ನದು. ನಾನು ಕೊಟ್ಟದ್ದು ಒಂದು ಲೀಟರ್ ಬಾಟಲಿಯಲ್ಲಿ ಮುಕ್ಕಾಲು ಭಾಗ ನೀರು. ಅದು ಎರಡು ದಿನ ಬೈಕಿನ ಡಿಕ್ಕಿಯಲ್ಲಿ ಕುಲುಕಾಡಿತ್ತು. ಅವರು ತಮ್ಮ ಮೇಜಿನ ಮೇಲಿದ್ದ ನೀರಿನ ಪಿಎಚ್ ಅಳೆದರು. ಅದು ಬೋರ್ ನೀರಾಗಿ ಉಳಿದಿರಲಿಲ್ಲ.

ಮಳೆ ನೀರು ಮಣ್ಣಿನೊಳಗೆ ಇಳಿಯುವಾಗ ಬೇರುಗಳು, ಸೂಕ್ಷ್ಮಜೀವಿಗಳು ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಆ ಹುಳಿ ನೀರೇ ಕಲ್ಲು, ಸುಣ್ಣದ ಹರಳುಗಳನ್ನು ಕರಗಿಸಿಕೊಂಡು ಕೆಳಗೆ ನಿಲ್ಲುವುದು. ನಮ್ಮ ಅಳತೆಯಿಂದ ಲೆಕ್ಕ ಹಾಕಿದರೆ ಬೋರ್ ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್, ಹೊರಗಿನ ಗಾಳಿಯ ಜೊತೆ ಸಮನಾಗಿ ನಿಂತ ನೀರಿಗಿಂತ ಸುಮಾರು 100 ಪಟ್ಟು. ಮೇಲೆ ಬಂದ ಕೂಡಲೇ ಅದು ಹಾರಿಹೋಗಲು ಶುರು. ಗೋಲಿ ಸೋಡಾದ ಗೋಲಿ ಒತ್ತಿದ ಹಾಗೇ, ಆದರೆ ಸದ್ದಿಲ್ಲದೆ. ಕಾರ್ಬನ್ ಡೈಆಕ್ಸೈಡ್ ಹೋದಷ್ಟೂ ಪಿಎಚ್ ಏರುತ್ತದೆ. ಕ್ಯಾಲ್ಸಿಯಂ ಹಾಗೇ ಇರುತ್ತದೆ, ಆಲ್ಕಲಿನಿಟಿಯೂ ಹಾಗೇ. ಕ್ಯೂನ ಛೇದದಲ್ಲಿರುವ ಹೈಡ್ರೋಜನ್ ಮಾತ್ರ ಕಡಿಮೆಯಾಗುತ್ತದೆ.

ಪಿಎಚ್‌ನಲ್ಲಿ 1.1 ವ್ಯತ್ಯಾಸ ಅಂದರೆ ಕಣ್ಣಿಗೆ ಸಣ್ಣದು. ಹೈಡ್ರೋಜನ್ ಅಯಾನಿನಲ್ಲಿ ಅದು 12.6 ಪಟ್ಟು. ಪಿಎಚ್ 7.0ಕ್ಕೆ:

ಕ್ಯೂ = 1.75 × 10⁻⁵ ÷ 1.0 × 10⁻⁷ = 175

‘ಅಂದ್ರೆ ನಿನ್ನೆದು ತಪ್ಪಾ?’ ಅಂದಳು. ತಪ್ಪಲ್ಲ. ನಿನ್ನೆಯದು ಡಿಕ್ಕಿಯಲ್ಲಿ ಕುಲುಕಿದ ಬಾಟಲಿಯ ಕ್ಯೂ. ಇವತ್ತಿನದು ಬೋರ್ ಬಾಯಿಯ ಕ್ಯೂ. ಅವಳು ಮೊದಲ ದಿನ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಸೂತ್ರ ಒಂದೇ. ಅದರೊಳಗೆ ಈಗ, ಇಲ್ಲಿ ಇರುವ ಸಾಂದ್ರತೆ ಹಾಕಿದರೆ ಕ್ಯೂ. ಕ್ರಿಯೆ ತನ್ನಷ್ಟಕ್ಕೆ ತಾನು ಸಮಕ್ಕೆ ಬಂದು ನಿಂತ ಮೇಲಿನ ಸಾಂದ್ರತೆ ಹಾಕಿದರೆ ಕೆ. ಕೆ ಕೇಳುವುದು ಉಷ್ಣತೆ ಒಂದನ್ನೇ. ಕ್ಯೂ ಮಾತ್ರ ಯಾವ ನೀರು, ಎಲ್ಲಿಯದು, ಯಾವಾಗಿನದು ಅಂತೆಲ್ಲ ಕೇಳುತ್ತದೆ.

ಇನ್ನೊಂದು ತಿದ್ದುಪಡಿ ಬಾಕಿ ಇತ್ತು. ಪಿಯುಸಿಯಲ್ಲಿ ನಾವು ಇದನ್ನು ಹೇಳುವುದಿಲ್ಲ. ನೀರಿನಲ್ಲಿ ಅಯಾನುಗಳು ಜಾಸ್ತಿ ಇದ್ದಾಗ ಒಂದರ ಸುತ್ತ ಎದುರು ಚಾರ್ಜಿನವು ಮುತ್ತಿಕೊಂಡು ಅದರ ಕೈಕಾಲು ಕಟ್ಟುತ್ತವೆ. ಜಾತ್ರೆಯಲ್ಲಿ ಹತ್ತು ಜನ ಇದ್ದರೂ ಆರು ಜನರಷ್ಟೇ ಕೆಲಸ ನಡೆದ ಹಾಗೆ. 640 ಮಿ.ಗ್ರಾಂ ಲವಣದ ನೀರಿನಲ್ಲಿ ಎರಡು ಚಾರ್ಜಿನ ಕ್ಯಾಲ್ಸಿಯಂ ಸುಮಾರು 60 ಶೇಕಡಾ, ಒಂದು ಚಾರ್ಜಿನ ಬೈಕಾರ್ಬೋನೇಟ್ ಸುಮಾರು 88 ಶೇಕಡಾ ಮಾತ್ರ ಲೆಕ್ಕಕ್ಕೆ ಬರುತ್ತವೆ. ಎರಡನ್ನೂ ಗುಣಿಸಿದರೆ 0.53. ಪಿಎಚ್ ಮೀಟರ್ ಅಳೆಯುವುದೇ ಕೆಲಸಕ್ಕೆ ಬರುವ ಹೈಡ್ರೋಜನ್ನನ್ನು, ಅದಕ್ಕೆ ತಿದ್ದುಪಡಿ ಬೇಡ. ಹಾಗಾಗಿ ಬೋರ್ ಬಾಯಿಯಲ್ಲಿ 175 ಅಲ್ಲ, 93. ಕೆಯ 1.3 ಪಟ್ಟು ಅಷ್ಟೆ.

ಈ 1.3 ನೋಡಿ ನನಗೆ ಖುಷಿಯಾಯಿತು. ಕಲ್ಲಿನ ಸಂದಿಯಲ್ಲಿ ಕಾಲಗಟ್ಟಲೆ ಕೂತ ನೀರು ಕಲ್ಲಿನ ಜೊತೆ ಹೆಚ್ಚುಕಡಿಮೆ ರಾಜಿಯಾಗಿಬಿಟ್ಟಿದೆ. ಕರಗಿಸುವ ಆತುರವೂ ಇಲ್ಲ, ಮೆತ್ತುವ ಆತುರವೂ ಇಲ್ಲ. ಮೋಟಾರ್ ಚೊಕ್ಕವಾಗಿದ್ದದ್ದು ಅದಕ್ಕೇ.

ಟ್ಯಾಂಕ್, ಆಮೇಲೆ ಗೀಸರ್

ಹಾಗಾದರೆ ಕಾಯಿಲ್ ಮೇಲೆ 410 ಗ್ರಾಂ ಎಲ್ಲಿಂದ ಬಂತು? ಮೆಟ್ಟಿಲು ಹತ್ತಿ ಟ್ಯಾಂಕ್ ಮುಚ್ಚಳ ತೆಗೆದೆವು. ನೀರು ಮೇಲಿನಿಂದ ದಬದಬ ಬೀಳುತ್ತದೆ, ರಾತ್ರಿಯೆಲ್ಲ ನಿಲ್ಲುತ್ತದೆ. ಬೆಳಿಗ್ಗೆ ಪಿಎಚ್ 7.8. ಕ್ಯೂ 1,100. ತಿದ್ದಿದ ಮೇಲೆ 590. ಕೆಯ 8 ಪಟ್ಟು. ಬೋರ್ ಬಾಯಿಯಿಂದ ಟ್ಯಾಂಕಿಗೆ ಮೂವತ್ತಡಿ ಏರುವುದರೊಳಗೆ, ಒಂದು ರಾತ್ರಿ ನಿಲ್ಲುವುದರೊಳಗೆ ಕ್ಯೂ ಆರು ಪಟ್ಟಿಗಿಂತ ಜಾಸ್ತಿ ಆಗಿತ್ತು.

ಆದರೂ ಟ್ಯಾಂಕಿನ ಗೋಡೆಯಲ್ಲಿ ಬರೀ ಬೆರಳಿಗೆ ಹತ್ತುವಷ್ಟು ಬಿಳಿ ಪುಡಿ. 8 ಪಟ್ಟು ಇದ್ದೂ ಯಾಕೆ ಮೆತ್ತಲಿಲ್ಲ? ಕ್ಯೂ ದಿಕ್ಕು ಹೇಳುತ್ತದೆ, ವೇಗ ಹೇಳುವುದಿಲ್ಲ. ಹರಳು ಹುಟ್ಟಲು ಒರಟು ಜಾಗ ಬೇಕು, ಬೆಳೆಯಲು ಹೊತ್ತು ಬೇಕು. ತಣ್ಣಗಿನ ನಯವಾದ ಪ್ಲಾಸ್ಟಿಕ್ ಗೋಡೆ ಅದಕ್ಕೆ ಒಳ್ಳೇ ಜಾಗವಲ್ಲ. ಅಷ್ಟರಲ್ಲಿ ಟ್ಯಾಂಕ್ ಖಾಲಿಯಾಗಿ ಹೊಸ ನೀರು ತುಂಬಿರುತ್ತದೆ.

ಗೀಸರ್‌ನಲ್ಲಿ ಕಥೆ ತಿರುಗುತ್ತದೆ. ಇಲ್ಲಿ ಅವಳಿಗೆ ಒಂದು ಪ್ರಶ್ನೆ ಹಾಕಿದೆ: ನೀರು ಬಿಸಿಯಾದಾಗ ಬದಲಾಗುವುದು ಕ್ಯೂನೋ, ಕೆಯೋ? ‘ಕ್ಯೂ’ ಅಂದಳು. ನನ್ನ ತರಗತಿಯಲ್ಲೂ ಮುಕ್ಕಾಲು ಪಾಲು ಮಕ್ಕಳು ಹಾಗೇ ಹೇಳುತ್ತಾರೆ. ಮುಚ್ಚಿದ ಗೀಸರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಎಲ್ಲಿಗೂ ಹೋಗಲಾರದು. ಕ್ಯಾಲ್ಸಿಯಂ ಅಷ್ಟೇ, ಬೈಕಾರ್ಬೋನೇಟ್ ಅಷ್ಟೇ. ಪಿಎಚ್ ಇಳಿಯುವುದು 0.1ಕ್ಕಿಂತ ಕಡಿಮೆ. ಬಿಸಿ ಹತ್ತಿದ ಆ ಕ್ಷಣದಲ್ಲಿ ಕ್ಯೂ ಇದ್ದಲ್ಲೇ ಇರುತ್ತದೆ, ಇಳಿದರೂ ಸ್ವಲ್ಪ. ಕಾಲ ಕೆಳಗಿನ ನೆಲದ ಹಾಗೆ ಕುಸಿಯುವುದು ಕೆ:

25 ಡಿಗ್ರಿಯಲ್ಲಿ 71
50 ಡಿಗ್ರಿಯಲ್ಲಿ 32
60 ಡಿಗ್ರಿಯಲ್ಲಿ 24
70 ಡಿಗ್ರಿಯಲ್ಲಿ 18

ಸಕ್ಕರೆ ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತದೆ. ಸುಣ್ಣದ ಕಲ್ಲು ಉಲ್ಟಾ, ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಕರಗುವಾಗ ಶಾಖ ಬಿಡುವ ಕ್ರಿಯೆ ಇದು. ಶಾಖ ಕೊಟ್ಟರೆ ಹಿಂದಕ್ಕೇ ಸರಿಯುತ್ತದೆ. ಅಜ್ಜಿ ಮನೆಯ ಬಚ್ಚಲ ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತಿದ್ದದ್ದು, ಪಕ್ಕದ ತಣ್ಣೀರಿನ ತೊಟ್ಟಿಯಲ್ಲಿ ಕಟ್ಟದೇ ಇದ್ದದ್ದು ಇದಕ್ಕೇ. ಅಜ್ಜಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಹುಳಿ ಅಂದರೆ ಹೈಡ್ರೋಜನ್ ಅಯಾನು, ಅಂದರೆ ಛೇದ ದೊಡ್ಡದು. ನಿಂಬೆರಸದಲ್ಲಿ ಅದು ನಮ್ಮ ಟ್ಯಾಂಕ್ ನೀರಿಗಿಂತ ಲಕ್ಷ ಪಟ್ಟು ಜಾಸ್ತಿ. ಕ್ಯೂ ಒಮ್ಮೆಗೇ ಪಾತಾಳಕ್ಕೆ ಇಳಿದು ಹಕ್ಕಳೆ ಕರಗುತ್ತದೆ.

ನಮ್ಮ ಗೀಸರ್‌ನ ಥರ್ಮೋಸ್ಟಾಟ್ 70ಕ್ಕೆ ಇತ್ತು. 590ನ್ನು 18ರಿಂದ ಭಾಗಿಸಿದರೆ 33 ಪಟ್ಟು. ಪಿಎಚ್ ಇಳಿತ ಸೇರಿಸಿದರೆ 27ರ ಸುತ್ತಮುತ್ತ. ಕಾಯಿಲ್ ಮೈ ಅದಕ್ಕಿಂತಲೂ ಬಿಸಿ, ಅಲ್ಲಿ ಇನ್ನೂ ಜಾಸ್ತಿ. ಮೇಲಾಗಿ ಮೊದಲ ಪದರ ಬಿದ್ದ ಮೇಲೆ ಒರಟು ಜಾಗವೂ ಸಿಕ್ಕಿತು. ದಿಕ್ಕೂ ಇದೆ, ವೇಗವೂ ಇದೆ.

ಇಷ್ಟು ಬಂದ ಮೇಲೆ ತಟ್ಟೆಯಲ್ಲಿದ್ದ 410 ಗ್ರಾಂಗೆ ಲೆಕ್ಕ ತಾಳೆಯಾಗುತ್ತದೋ ನೋಡಬೇಕಿತ್ತು. ಸುಣ್ಣ ಮೆತ್ತುತ್ತಾ ಹೋದಂತೆ ಕ್ಯಾಲ್ಸಿಯಂ, ಬೈಕಾರ್ಬೋನೇಟ್ ಎರಡೂ ಇಳಿಯುತ್ತವೆ, ಕಾರ್ಬನ್ ಡೈಆಕ್ಸೈಡ್ ಹೊಸದಾಗಿ ಹುಟ್ಟಿ ಪಿಎಚ್ ಇಳಿಯುತ್ತದೆ. ಮೂರೂ ಸೇರಿ ಕ್ಯೂವನ್ನು ಕೆಯ ಕಡೆಗೆ ಎಳೆದು ತರುತ್ತವೆ. ಎರಡೂ ಸಮವಾಗುವ ತನಕ ಬಿಟ್ಟರೆ ಒಂದು ಲೀಟರ್ ನೀರು ಸುಮಾರು 115 ಮಿ.ಗ್ರಾಂ ಸುಣ್ಣ ಇಳಿಸಬಹುದು. ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಗೀಸರ್ ತುಂಬುತ್ತದೆ, 60 ಲೀಟರ್. 240 ದಿನಕ್ಕೆ 14,400 ಲೀಟರ್. ಗುಣಿಸಿದರೆ 1.65 ಕಿಲೋ. ಸಿಕ್ಕಿದ್ದು ಅದರ ಕಾಲು ಭಾಗ. ನೀರು ಸಮಕ್ಕೆ ಬರುವಷ್ಟು ಹೊತ್ತು ಗೀಸರ್‌ನಲ್ಲಿ ನಿಲ್ಲುವುದಿಲ್ಲ. ಗೀಸರಿನ ಒಳಗೋಡೆಗೆ ಮೆತ್ತಿದ್ದನ್ನು ನಾವು ತೂಗಿಯೂ ಇಲ್ಲ. ಗರಿಷ್ಠಕ್ಕಿಂತ ಜಾಸ್ತಿ ಬಂದಿದ್ದರೆ ಮಾತ್ರ ಎಲ್ಲೋ ಎಡವಟ್ಟಾಗಿದೆ ಅಂತ. ಕಡಿಮೆ ಬಂದಿದೆ, ಸರಿ.

ಕ್ಯೂ ಮತ್ತು ಕೆಯ ಈ ಪಟ್ಟನ್ನೇ ಲಾಗರಿದಂ ಮಾಡಿ ನೀರಿನ ಇಂಜಿನಿಯರುಗಳು ದಿನನಿತ್ಯ ಬಳಸುತ್ತಾರೆ. 1936ರಲ್ಲಿ ಅಮೆರಿಕದ ಡಬ್ಲ್ಯೂ. ಎಫ್. ಲ್ಯಾಂಗೆಲಿಯರ್ ಕೊಟ್ಟ ಸೂಚ್ಯಂಕ ಅದು. ಸೊನ್ನೆಗಿಂತ ಮೇಲಿದ್ದರೆ ಪೈಪಿನಲ್ಲಿ ಸುಣ್ಣ ಕಟ್ಟುತ್ತದೆ, ಕೆಳಗಿದ್ದರೆ ಇದ್ದ ಸುಣ್ಣವೂ ಕರಗುತ್ತದೆ. ನಮ್ಮ ಬೋರ್ ಬಾಯಿಯಲ್ಲಿ 0.1, ಟ್ಯಾಂಕಿನಲ್ಲಿ 0.9, ಗೀಸರ್‌ನಲ್ಲಿ 1.4. ಮನೆಗೆ ಫಿಲ್ಟರ್ ಮಾರಲು ಬರುವವರು ತೋರಿಸುವ ಎಲ್‌ಎಸ್‌ಐ ಇದೇ. ಕೇಳಬೇಕಾದ ಪ್ರಶ್ನೆ: ಪಿಎಚ್ ಎಲ್ಲಿ ಅಳೆದಿರಿ, ಯಾವ ಉಷ್ಣತೆಗೆ ಲೆಕ್ಕ ಹಾಕಿದಿರಿ?

ಏನು ಮಾಡಿದೆವು

ಪ್ಲಂಬರ್ ಮೂರು ದಾರಿ ಹೇಳಿದ. ಪೈಪಿಗೆ ಮ್ಯಾಗ್ನೆಟ್ ಕಟ್ಟುವುದು ಒಂದು. ಅಕ್ಕನ ಮಗಳು ಸೂತ್ರ ನೋಡಿ, ‘ಇದ್ರಲ್ಲಿ ಮ್ಯಾಗ್ನೆಟ್ ಎಲ್ಲಿ ಹಾಕೋದು?’ ಅಂದಳು. ಕ್ಯಾಲ್ಸಿಯಂ ಕಡಿಮೆ ಮಾಡದ, ಪಿಎಚ್ ಬದಲಾಯಿಸದ ವಸ್ತು ಕ್ಯೂವನ್ನು ಅಲ್ಲಾಡಿಸಲಾರದು. ಅದನ್ನು ಅಲ್ಲಿಗೇ ಬಿಟ್ಟೆವು.

ಸಾಫ್ಟನರ್ ಎರಡನೆಯದು. ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಕ್ಯಾಲ್ಸಿಯಂ ಗಡಸುತನ 250ರಿಂದ 10ಕ್ಕೆ ಇಳಿದರೆ ಕ್ಯೂ 25ರಲ್ಲಿ ಒಂದು ಪಾಲು. 27 ಪಟ್ಟು ಇದ್ದದ್ದು 1ರ ಹತ್ತಿರ. ಇಷ್ಟು ಸ್ಪಷ್ಟ ಪರಿಹಾರ ಬೇರೊಂದಿಲ್ಲ. ಆದರೆ ಅದಕ್ಕೆ ಮೂಟೆಗಟ್ಟಲೆ ಉಪ್ಪು ಬೇಕು, ತೊಳೆದ ಉಪ್ಪು ನೀರನ್ನು ತೆಂಗಿನ ಬುಡಕ್ಕೆ ಬಿಡುವ ಹಾಗಿಲ್ಲ, ಬಿಪಿ ಇರುವ ನಮ್ಮಮ್ಮ ಆ ಸೋಡಿಯಂ ನೀರನ್ನು ಕುಡಿಯುವ ಹಾಗೂ ಇಲ್ಲ. ಕಾಸಿನ ಮಾತು ಬೇರೆ.

ಥರ್ಮೋಸ್ಟಾಟ್ ಇಳಿಸುವುದು ಮೂರನೆಯದು. ಖರ್ಚಿಲ್ಲ. 70ರಿಂದ 50ಕ್ಕೆ ತಂದರೆ ಕೆ 18ರಿಂದ 32ಕ್ಕೆ ಏರುತ್ತದೆ, 27 ಪಟ್ಟು 16 ಆಗುತ್ತದೆ. ಅರ್ಧ ತೊಂದರೆ ಹೋಯಿತು, ಅರ್ಧ ಉಳಿಯಿತು. ಅವತ್ತೇ ಇಳಿಸಿದೆವು.

ನಾಲ್ಕನೆಯದು ಅವಳೇ ತಂದದ್ದು. ಮಳೆ ನೀರಿನ ಸಂಪ್ ನಮ್ಮಲ್ಲಿದೆ, ಅದರ ನೀರು ಗಿಡಕ್ಕೆ ಹೋಗುತ್ತಿತ್ತು. ‘ಅರ್ಧ ಮಳೆ ನೀರು ಬೆರೆಸಿದ್ರೆ? ಕ್ಯಾಲ್ಸಿಯಂ ಅರ್ಧ, ಬೈಕಾರ್ಬೋನೇಟ್ ಅರ್ಧ. ಕ್ಯೂ ಕಾಲು ಭಾಗ ಆಗುತ್ತೆ.’ ನಾನು ಹೂಂ ಅನ್ನುವುದರಲ್ಲಿದ್ದೆ. ಅವಳೇ ತಡೆದು, ‘ಇರಿ ಮಾಮ, ಪಿಎಚ್?’ ಅಂದಳು. ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದಳು. ನೀರಿನಲ್ಲಿ ಉಳಿಯುವ ಕಾರ್ಬನ್ ಡೈಆಕ್ಸೈಡ್ ಮೊದಲಿನಷ್ಟೇ ಅಂದುಕೊಂಡರೆ, ಬೈಕಾರ್ಬೋನೇಟ್ ಅರ್ಧವಾದಾಗ ಹೈಡ್ರೋಜನ್ ಎರಡರಷ್ಟಾಗುತ್ತದೆ. ಮೇಲೆ ಎರಡು ಅರ್ಧ, ಕೆಳಗೆ ಒಂದು ದುಪ್ಪಟ್ಟು. ಕ್ಯೂ ಎಂಟರಲ್ಲಿ ಒಂದು. ಮಳೆ ನೀರು ಇಷ್ಟು ಗಟ್ಟಿ ಕೆಲಸ ಮಾಡುತ್ತದೆ ಅಂತ ನಾನೂ ಲೆಕ್ಕ ಹಾಕಿ ನೋಡಿರಲಿಲ್ಲ.

ಮಳೆಗಾಲ ಶುರುವಾದ ಮೇಲೆ ಸಂಪ್‌ನಿಂದ ಟ್ಯಾಂಕಿಗೆ ಒಂದು ಸಣ್ಣ ಪಂಪ್ ಹಾಕಿಸಿದೆ. ಬೋರ್ ಅರ್ಧ, ಮಳೆ ಅರ್ಧ. ದಸರಾ ರಜಕ್ಕೆ ಅವಳು ಬಂದಾಗ ಮತ್ತೆ ಮೀಟರ್ ತಂದೆ. ಟ್ಯಾಂಕಿನ ಪಿಎಚ್ 7.6. ಲೆಕ್ಕದ ಪ್ರಕಾರ 7.5 ಬರಬೇಕಿತ್ತು. ಅಷ್ಟು ಹೆಚ್ಚುಕಡಿಮೆ ಇದ್ದದ್ದೇ. ಅವಳು ಹಾಳೆ ತೆಗೆದು ಗುಣಿಸಿದಳು, ಭಾಗಿಸಿದಳು, ಹುಬ್ಬು ಗಂಟಿಕ್ಕಿದಳು.

‘ಮಾಮ, 174 ಬಂತು. ಇದು ಬೋರ್‌ನದ್ದಲ್ವಾ? ಎಲ್ಲೋ ಹಳೇ ನಂಬರ್ ಹಾಕ್ಬಿಟ್ಟೆ ಅನ್ಸುತ್ತೆ.’

ಹಾಳೆ ನೋಡಿದೆ. ಹಳೇ ನಂಬರ್ ಒಂದೂ ಇರಲಿಲ್ಲ. 1.25 × 10⁻³, 3.5 × 10⁻³, 2.5 × 10⁻⁸. ಬೋರ್ ಬಾಯಿಯ ನೀರಿನಲ್ಲಿ ಕ್ಯಾಲ್ಸಿಯಂ ಎರಡರಷ್ಟು, ಬೈಕಾರ್ಬೋನೇಟ್ ಎರಡರಷ್ಟು, ಹೈಡ್ರೋಜನ್ ನಾಲ್ಕರಷ್ಟು. ಎರಡು ಬೇರೆ ನೀರು, ಅಕಸ್ಮಾತ್ ಒಂದೇ ಕ್ಯೂ. ತಿದ್ದುಪಡಿ ಹಾಕಿದರೆ ಅದೂ ಪೂರ್ತಿ ಒಂದಲ್ಲ. ಲವಣ ಅರ್ಧವಾದದ್ದರಿಂದ 0.53ರ ಬದಲು 0.63 ಹಾಕಬೇಕು, ಆಗ 110. 50 ಡಿಗ್ರಿಯ ಗೀಸರ್‌ನಲ್ಲಿ ಕೆಯ ಮೂರೂವರೆ ಪಟ್ಟಿಗಿಂತ ಕಡಿಮೆ. ಮಾರ್ಚ್‌ನಲ್ಲಿ 27 ಇತ್ತು.

ಅದೇ ದಿನ ಪ್ಲಂಬರ್‌ನನ್ನು ಕರೆಸಿ ಕಾಯಿಲ್ ಬಿಚ್ಚಿಸಿದೆವು. ಏಳು ತಿಂಗಳಾಗಿತ್ತು. ಕಾಯಿಲ್‌ನ ಸುರುಳಿಗಳು ಒಂದೊಂದೂ ಬೇರೆಬೇರೆಯಾಗಿ ಕಾಣುತ್ತಿದ್ದವು. ಮೇಲೆ ತೆಳ್ಳಗಿನ ಬಿಳಿ ಪದರ, ಉಗುರಲ್ಲಿ ಕೆರೆದರೆ ಬರುವಷ್ಟು. ಅದೂ ಬಹುಶಃ ಮಳೆಗೆ ಮುಂಚಿನ ಮೂರು ತಿಂಗಳದ್ದು.

ಸಂಪ್‌ನ ನೀರು ನವೆಂಬರ್ ಕೊನೆಗೆ ತಳ ಕಂಡಿತು. ಈಗ ಮತ್ತೆ ಬರೀ ಬೋರ್ ನೀರು, 50 ಡಿಗ್ರಿ, 16 ಪಟ್ಟು. ಮಾರ್ಚ್‌ಗೆ ಬಿಚ್ಚಿ ತೂಗಬೇಕು. ತಕ್ಕಡಿ ಅಡುಗೆಮನೆಯಿಂದ ತರಬೇಡಿ, ಬೇರೆ ತನ್ನಿ ಅಂತ ಮನೆಯವಳು ಈಗಲೇ ಹೇಳಿಟ್ಟಿದ್ದಾಳೆ.